ಮಾತ್ರೆ ಡಬ್ಬಿ ನೋಡಲು ಮಳವಳ್ಳಿ ಕಡೆಗೆ ಹೋದೆ

ಮೈಸೂರಿನ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನಾನು ರಿಸರ್ಚ್ ನರ್ಸ್. ಹೃದಯದ ವಾಲ್ವ್ (ಕವಾಟ) ಕೆಟ್ಟು, ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಮಾತ್ರೆ ತಗೊಳ್ಳುವವರನ್ನು ತಿಂಗಳು ತಿಂಗಳು ನೋಡಿ ಬರೆದಿಡುವುದು ನನ್ನ ಕೆಲಸ. ಮಳವಳ್ಳಿ, ನಾಗಮಂಗಲ, ತಿ. ನರಸೀಪುರ, ಎಚ್.ಡಿ. ಕೋಟೆ ಕಡೆಯವರೇ ಜಾಸ್ತಿ, ಅದರಲ್ಲೂ ಹೆಂಗಸರು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಜ್ವರ, ಕೀಲು ಊತ. ಅದನ್ನು ಎಲ್ಲರೂ ಮರೆತಿರುತ್ತಾರೆ. ವರ್ಷಗಳಾದ ಮೇಲೆ ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಕಿರಿದಾಗಿ, ಎದೆಬಡಿತ ತಾಳ ತಪ್ಪಿ, ಹೃದಯದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ.

ನಮ್ಮ ಅಧ್ಯಯನ ಚಿಕ್ಕದು. ಅರ್ಧ ಜನಕ್ಕೆ ವಾರಕ್ಕೊಮ್ಮೆ ಫೋನ್ ಮಾಡಿ ಮಾತ್ರೆ ನೆನಪಿಸುತ್ತೇವೆ. ಉಳಿದವರು ಎಂದಿನಂತೆ ತಿಂಗಳಿಗೊಮ್ಮೆ ಬರುತ್ತಾರೆ. ಯಾರು ಯಾವ ಗುಂಪು ಅಂತ ಕಂಪ್ಯೂಟರ್ ಆರಿಸುತ್ತದೆ. ಒಪ್ಪಿಗೆ ಪತ್ರದಲ್ಲಿ ಇದಕ್ಕೆ 'ಯಾದೃಚ್ಛಿಕ ಹಂಚಿಕೆ' ಅಂತಿತ್ತು. ರೋಗಿಯೊಬ್ಬರ ಜೊತೆ ಬಂದ ಓದಿದ ಮಗನಿಗೂ ಅರ್ಥವಾಗಲಿಲ್ಲ. 'ಚೀಟಿ ಎತ್ತಿದ ಹಾಗೆ' ಅಂದೆ, ತಕ್ಷಣ ತಲೆಯಾಡಿಸಿದರು. ಆ ಮಾತನ್ನೇ ಪತ್ರದಲ್ಲಿ ಹಾಕಿಸಿ ಎಥಿಕ್ಸ್ ಕಮಿಟಿಯಿಂದ ಮತ್ತೆ ಒಪ್ಪಿಗೆ ಪಡೆದೆವು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಇರಲೇಬೇಕು. ಅವರು ಸುಮ್ನೆ ಸಹಿ ಹಾಕಲು ಬಂದವರಲ್ಲ, ಪೂರ್ತಿ ಕೂತು ಕೇಳಬೇಕು ಅಂತ ನಾನು ಹಟ ಹಿಡಿಯುತ್ತೇನೆ.

'ಚೀಟಿ ಯಾಕೆ? ಯಾವುದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ?' ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ ಅಲ್ವಾ? ಆಗ ಇನ್ವಿಕ್ಟಸ್ ಅಧ್ಯಯನದ ಕಥೆ ಹೇಳುತ್ತೇನೆ. ದೆಹಲಿಯ ಏಮ್ಸ್‌ನ ಡಾ. ಗಣೇಶನ್ ಕಾರ್ತಿಕೇಯನ್ ಮತ್ತು ಜೊತೆಯವರು 24 ದೇಶಗಳಲ್ಲಿ ಇಂಥದ್ದೇ ಕಾಯಿಲೆಯ 4,500ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡರು. ಒಂದು ಗುಂಪಿಗೆ ಹೊಸ ಮಾತ್ರೆ ರಿವರಾಕ್ಸಬಾನ್, ಇನ್ನೊಂದಕ್ಕೆ ವಾರ್ಫರಿನ್ ಜಾತಿಯ ಹಳೇ ಮಾತ್ರೆ. ಹೊಸದಕ್ಕೆ ಪದೇ ಪದೇ ರಕ್ತ ಪರೀಕ್ಷೆ ಬೇಡ, ಹಾಗಾಗಿ ಅದರ ಮೇಲೆ ಎಲ್ಲರಿಗೂ ಆಸೆಯಿತ್ತು. 2022ರಲ್ಲಿ ಫಲಿತಾಂಶ ಬಂತು. ಹೊಸ ಮಾತ್ರೆಯ ಗುಂಪಿನಲ್ಲಿ 552 ಜನ ತೀರಿಕೊಂಡಿದ್ದರು, ಹಳೆಯದರಲ್ಲಿ 442. ಹಳೇ ಮಾತ್ರೆಯಿಂದ ರಕ್ತಸ್ರಾವವೂ ಹೆಚ್ಚಾಗಿರಲಿಲ್ಲ. ರಕ್ತ ಪರೀಕ್ಷೆಗೆ ಮತ್ತೆ ಮತ್ತೆ ಬಂದು ಹೋಗುವುದರಿಂದಲೇ ಹಳೇ ಮಾತ್ರೆಯವರ ಆರೈಕೆ ಚೆನ್ನಾಗಿ ಆಗಿರಬಹುದೇ ಅಂತ ಕೆಲವರು ಕೇಳಿದರು. ಅದು ಸಾಬೀತಾಗಿಲ್ಲ. ಆದರೆ ಆ ಮಾತು ಓದಿದ ಮೇಲೆ ಪ್ರತಿ ಭೇಟಿಯನ್ನೂ ನಾನು ಬೇರೆ ಕಣ್ಣಿಂದ ನೋಡತೊಡಗಿದೆ.

ಮಳವಳ್ಳಿ ಕಡೆಯ ಒಬ್ಬ ತಾಯಿ ಇದ್ದರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಪರೀಕ್ಷೆಯ ಅಂಕಿ ಐಎನ್‌ಆರ್, ಅದು 2ರಿಂದ 3ರ ಒಳಗೆ ಇರಬೇಕು. ಅವರದು ಒಂದು ತಿಂಗಳು 1.4, ಮುಂದಿನ ತಿಂಗಳು 4.8. ಕಮ್ಮಿಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಕೇಳಿದರೆ 'ದಿನಾ ಒಂದು ತಗೋತೀನಿ ಕಣವ್ವ' ಅನ್ನುತ್ತಿದ್ದರು. ನಾನು ಫಾರಂನಲ್ಲಿ 'ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆ' ಅಂತ ಗುರುತು ಹಾಕಿದ್ದೆ, ಒಂದು ಸಲವಲ್ಲ, ಎರಡು ಸಲ.

ಮನೆಗೆ ಹೋಗುವುದು ಅಧ್ಯಯನದ ನಿಯಮದಲ್ಲಿ ಇರಲಿಲ್ಲ. ಡಾಕ್ಟರನ್ನು ಕೇಳಿ, ಆ ತಾಯಿಯ ಒಪ್ಪಿಗೆ ಪಡೆದು, ನಿಯಮ ಮೀರಿದ್ದನ್ನು ದಾಖಲಿಸಿ, ಬಸ್ ಹತ್ತಿದೆ. ಅಡುಗೆಮನೆ ಗೂಡಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ 5 ಮಿಲಿಗ್ರಾಂ ಪಟ್ಟಿ, ಡೋಸ್ ಬದಲಾಗುವ ಮುಂಚಿನ 2 ಮಿಲಿಗ್ರಾಂ ಪಟ್ಟಿ, ಎರಡೂ ಒಟ್ಟಿಗೆ. ಅವರು ಸುಳ್ಳು ಹೇಳಿರಲಿಲ್ಲ. ದಿನಾ ಒಂದೇ ತಗೊಂಡಿದ್ದರು, ಕೈಗೆ ಸಿಕ್ಕ ಒಂದು. ಜೊತೆಗೆ ಮಂಡಿ ನೋವಿಗೆ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್. ವಾರ್ಫರಿನ್ ಜೊತೆ ಅದು ಹೊಟ್ಟೆಯಲ್ಲಿ ರಕ್ತ ಸುರಿಸಬಲ್ಲದು. ನನಗೆ ಎದೆ ಝಲ್ಲೆಂದಿತು.

ಸೊಪ್ಪನ್ನೂ ಪೂರ್ತಿ ಬಿಟ್ಟಿದ್ದರು, ಯಾರೋ ಹೇಳಿದರಂತೆ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ, ನಿಜ. ಆದರೆ ಬಸ್ಸಾರು ಬಿಡಬೇಕಿಲ್ಲ. ಒಂದು ವಾರ ದಿನಾ ತಿಂದು ಇನ್ನೊಂದು ವಾರ ಮುಟ್ಟದೆ ಇರಬಾರದು, ಅಷ್ಟೇ.

ಹಳೇ ಪಟ್ಟಿಗಳನ್ನು ಅವರ ಎದುರೇ ಬೇರೆ ಮಾಡಿ ತೆಗೆದುಕೊಂಡು ಬಂದೆ. ಡಾಕ್ಟರು ಹೊಸದಾಗಿ ಬರೆದ ಡೋಸನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಚಿತ್ರ ಮಾಡಿಕೊಟ್ಟೆ. ಒಂದು ಮಾತ್ರೆಗೆ ಪೂರ್ಣ ಚಂದ್ರ, ಅರ್ಧಕ್ಕೆ ಅರ್ಧ ಚಂದ್ರ. ತಗೊಂಡ ಮೇಲೆ ಅದರ ಮೇಲೆ ಕುಂಕುಮದ ಬೊಟ್ಟು. ಈ ಉಪಾಯ ಸೊಸೆಯದು. ಎರಡು ತಿಂಗಳಾದ ಮೇಲೆ ಐಎನ್‌ಆರ್ 2.4 ಬಂತು.

ಆಮೇಲೆ ಎರಡೂ ಗುಂಪಿನವರಿಗೆ ಒಂದೇ ಮಾತು: ಡಬ್ಬಿ ತನ್ನಿ, ಖಾಲಿ ಪಟ್ಟಿ ಸಮೇತ. ಒಂದೇ ಗುಂಪಿಗೆ ಹೇಳಿದರೆ ಹೋಲಿಕೆ ಕೆಟ್ಟುಹೋಗುತ್ತದೆ. ಚಿಕ್ಕ ವಯಸ್ಸಿನ ಹೆಂಗಸರನ್ನು ಮಾತ್ರ ಪಕ್ಕಕ್ಕೆ ಕರೆದು, ಮುಟ್ಟು ತಪ್ಪಿದರೆ ಅದೇ ದಿನ ಫೋನ್ ಮಾಡಿ ಅನ್ನುತ್ತೇನೆ. ವಾರ್ಫರಿನ್ ಮಗುವಿಗೆ ತೊಂದರೆ ಮಾಡುತ್ತದೆ. ಅತ್ತೆ ಎದುರು ಈ ಮಾತು ಆಗುವುದಿಲ್ಲ.

ಅಮಾವಾಸ್ಯೆ ದಿನ ಈಗ ಯಾರಿಗೂ ಭೇಟಿ ಕೊಡುವುದಿಲ್ಲ, ಎಷ್ಟೋ ಜನ ಮಾದಪ್ಪನ ಬೆಟ್ಟಕ್ಕೆ ಹೋಗಿರುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ ಮೊದಲ ಬಸ್ಸಿಗೆ ಬಂದವರ ರಕ್ತ ಮೊದಲು ತೆಗೆಯುತ್ತೇನೆ. ಹನ್ನೊಂದಕ್ಕೆ ಅವರು ವಾಪಸ್ ಬಸ್ ಹತ್ತಬೇಕು.