ಹಾಳೆ ತಟ್ಟೆ ಘಟಕಕ್ಕೆ ಡಿಜಿಟಲ್ ಟ್ವಿನ್ ಕಟ್ಟುವುದು ಹೇಗೆ?

ಕಾಸರಗೋಡಿನ ಅಡಿಕೆ ಸೀಮೆಯಲ್ಲಿ ಹಾಳೆ ತಟ್ಟೆ (ಅಡಿಕೆ ಮರದ ಹಾಳೆಯನ್ನು ಒತ್ತಿ ಮಾಡುವ ತಟ್ಟೆ), ಗೇರುಬೀಜ, ತೆಂಗಿನೆಣ್ಣೆಯಂತಹ ಸಣ್ಣ ಘಟಕಗಳನ್ನು ನಡೆಸುವವರು ಡಿಜಿಟಲ್ ಟ್ವಿನ್, ಅಂದರೆ ಘಟಕದ ಕಂಪ್ಯೂಟರ್ ಪ್ರತಿರೂಪ, ಎಂಬ ಮಾತು ಕಿವಿಗೆ ಬಿದ್ದೊಡನೆ ಮೊದಲು ಹಣ ಸುರಿಯುವುದು ಗೋಡೆಗೆ ತೂಗುಹಾಕುವ ದೊಡ್ಡ ಪರದೆಗೆ. ಅದರಲ್ಲಿ ಶೆಡ್ಡಿನ ಮೂರು ಆಯಾಮದ ಚಿತ್ರ ಬಣ್ಣಬಣ್ಣವಾಗಿ ತಿರುಗುತ್ತಿರುತ್ತದೆ. ಆದರೆ ಇನ್ನೊಂದು ಪ್ರೆಸ್ ಮಶೀನು ತಂದರೆ ವಾರಕ್ಕೆ ಎಷ್ಟು ತಟ್ಟೆ ಹೆಚ್ಚು ಹೊರಬೀಳುತ್ತದೆ ಎಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಈ ಲೇಖನ ಅಂತಹ ಪ್ರಶ್ನೆಗೆ ಉತ್ತರ ಕೊಡಬಲ್ಲ ಮಾದರಿಯನ್ನು, ಕಡಿಮೆ ಖರ್ಚಿನಲ್ಲಿ, ಕ್ರಮವಾಗಿ ಕಟ್ಟುವ ಬಗ್ಗೆ. ಉದಾಹರಣೆಗೆ ಹಾಳೆ ತಟ್ಟೆಯ ಘಟಕವನ್ನು ತೆಗೆದುಕೊಂಡಿದ್ದೇನೆ. ಅಡಿಕೆ ಗೋದಾಮಿಗೂ ಗೇರುಬೀಜದ ಕಾರ್ಖಾನೆಗೂ ಕ್ರಮ ಇದೇ.

ಸರಕು ಹೇಗೆ ಚಲಿಸುತ್ತದೆ, ಎಲ್ಲಿ ಕಾಯುತ್ತದೆ, ಯಾವ ಯಂತ್ರ ಎಷ್ಟು ಹೊತ್ತು ದುಡಿಯುತ್ತದೆ ಎಂಬುದನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವ ಲೆಕ್ಕಾಚಾರಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಆ ಮಾದರಿಗೆ ನಿಜವಾದ ಶೆಡ್ಡಿನಿಂದ ಮಾಹಿತಿ ನಿರಂತರವಾಗಿ ಹರಿದು ಬಂದು, ಮಾದರಿಯ ಉತ್ತರ ಮರಳಿ ಶೆಡ್ಡಿನ ಕೆಲಸವನ್ನು ಬದಲಿಸತೊಡಗಿದಾಗ ಅದು ಡಿಜಿಟಲ್ ಟ್ವಿನ್ ಆಗುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗ್ರೀವ್ಸ್ 2002ರಲ್ಲಿ ಈ ಕಲ್ಪನೆಯನ್ನು ಮಂಡಿಸಿದರು. ತಯಾರಿಕಾ ಕ್ಷೇತ್ರಕ್ಕಾಗಿಯೇ ಐಎಸ್‌ಒ 23247 ಎಂಬ ಅಂತರರಾಷ್ಟ್ರೀಯ ಮಾನದಂಡ 2021ರಲ್ಲಿ ಬಂತು. ಕೈಯಾರೆ ಅಂಕಿ ತುಂಬುವ ಮಾದರಿ, ಮಾಹಿತಿ ತಾನಾಗಿ ಒಳಬರುವ ಆದರೆ ಉತ್ತರ ಹಿಂದಿರುಗದ ಮಾದರಿ, ಎರಡೂ ದಿಕ್ಕಿನಲ್ಲಿ ಸಂಪರ್ಕವಿರುವ ಮಾದರಿ ಎಂದು ಇಂತಹ ಮಾದರಿಗಳಲ್ಲಿ ಮೂರು ಬಗೆಗಳಿವೆ. ಮಾರಾಟಕ್ಕೆ ಬರುವವರು ಮೂರಕ್ಕೂ ಒಂದೇ ಹೆಸರಿಡುತ್ತಾರೆ; ಅವರು ತೋರಿಸುತ್ತಿರುವುದು ಯಾವುದು ಎಂದು ಮೊದಲೇ ಕೇಳಿ. ನಮ್ಮ ಗಾತ್ರದ ಘಟಕಗಳಿಗೆ ಮೊದಲ ವರ್ಷ ಮೊದಲನೆಯ ಬಗೆಯೇ ಸಾಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

“ಉತ್ಪಾದನೆ ಹೆಚ್ಚಿಸಬೇಕು” ಎಂಬುದು ಪ್ರಶ್ನೆಯಲ್ಲ. “ಆರನೆಯ ಪ್ರೆಸ್ ತರುವುದೋ, ಇರುವ ಐದಕ್ಕೆ ಹಾಳೆ ನೆನೆಸುವ ತೊಟ್ಟಿಯನ್ನು ದೊಡ್ಡದು ಮಾಡುವುದೋ, ಯಾವುದರಿಂದ ವಾರದ ತಟ್ಟೆ ಹೆಚ್ಚುತ್ತದೆ” ಎಂಬುದು ಪ್ರಶ್ನೆ. ಪ್ರಶ್ನೆಗೆ ಬೇಡದ ಯಾವುದನ್ನೂ ಮಾದರಿಯೊಳಗೆ ಸೇರಿಸಬೇಡಿ.

ಹಂತ 2: ಸರಕಿನ ದಾರಿಯನ್ನು ಕಾಗದದ ಮೇಲೆ ಎಳೆಯಿರಿ

ಒಣಹಾಳೆಯ ದಾಸ್ತಾನು, ತೊಳೆಯುವುದು, ನೆನೆಸುವುದು, ನೀರು ಬಸಿಯಲು ಬಿಡುವುದು, ಪ್ರೆಸ್, ಅಂಚು ಸವರಿ ವಿಂಗಡಿಸುವ ಮೇಜು, ಒಣಗಿಸುವುದು, ಪ್ಯಾಕಿಂಗ್, ಲಾರಿ. ಪ್ರತಿ ಎರಡು ಕೆಲಸಗಳ ನಡುವೆ ರಾಶಿ ಬೀಳುವ ಜಾಗವನ್ನೂ, ಅದರಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನೂ ಗುರುತಿಸಿ. ಅರ್ಧ ದಿನದ ಕೆಲಸ.

ಹಂತ 3: ಸಮಯ ಅಳೆಯುವುದು

ಹೆಚ್ಚಿನವರು ಕೆಡಿಸುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಸಾಮಾನ್ಯವಾಗಿ ನಡೆಯುವುದೇನೆಂದರೆ, ಮಾಲೀಕರು ಮೇಸ್ತ್ರಿಯನ್ನು ಕರೆದು “ಒಂದು ತಟ್ಟೆಗೆ ಎಷ್ಟು ಹೊತ್ತು ಬೇಕು” ಎಂದು ಕೇಳುತ್ತಾರೆ, ಮೇಸ್ತ್ರಿ ಒಂದು ಅಂಕಿ ಹೇಳುತ್ತಾರೆ, ಆ ಅಂಕಿ ನೇರವಾಗಿ ಮಾದರಿಯೊಳಗೆ ಹೋಗುತ್ತದೆ. ಎಲ್ಲಾ ಸುಗಮವಾಗಿದ್ದ ಗಳಿಗೆಯಲ್ಲಿ ಹಿಡಿಯುವ ಸಮಯ ಅದು. ಅಂತಹ ಅಂಕಿಯ ಮೇಲೆ ಕಟ್ಟಿದ ಮಾದರಿ ನಿಮ್ಮ ಶೆಡ್ಡು ಎಂದೂ ಮಾಡದಷ್ಟು ತಟ್ಟೆಗಳನ್ನು ಮಾಡಿ ತೋರಿಸುತ್ತದೆ.

ಸ್ಟಾಪ್‌ವಾಚ್ ಹಿಡಿಯುವ ಮುನ್ನ, ಕೆಲಸ ಯಾವಾಗ ಆರಂಭವಾಯಿತು, ಯಾವಾಗ ಮುಗಿಯಿತು ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತನ್ನು ನಿಶ್ಚಯಿಸಿ. ಪ್ರೆಸ್‌ಗಾದರೆ, ಹಾಳೆಯನ್ನು ಅಚ್ಚಿನ ಮೇಲೆ ಇಟ್ಟದ್ದು ಆರಂಭ, ತಟ್ಟೆಯನ್ನು ಹೊರತೆಗೆದದ್ದು ಅಂತ್ಯ. ನೆನೆದ ಹಾಳೆ ಬಂದಿಲ್ಲವೆಂದು ಪ್ರೆಸ್ ಕಾದು ನಿಂತ ಸಮಯ ಇದರೊಳಗೆ ಸೇರಕೂಡದು. ಕಾಯುವಿಕೆಯನ್ನು ಮಾದರಿ ತಾನೇ ಲೆಕ್ಕ ಹಾಕುತ್ತದೆ. ನೀವೂ ಅದನ್ನು ಕೆಲಸದ ಸಮಯಕ್ಕೆ ಸೇರಿಸಿಬಿಟ್ಟರೆ ಒಂದೇ ಕಾಯುವಿಕೆ ಎರಡು ಬಾರಿ ಎಣಿಕೆಯಾಗಿ, ಹಾಳೆ ಸಾಲದ ತೊಂದರೆಯು ಪ್ರೆಸ್ ನಿಧಾನವಾದ ತೊಂದರೆಯಂತೆ ಕಾಣುತ್ತದೆ. ಆಗ ಬೇಡದ ಪ್ರೆಸ್ ಕೊಳ್ಳುತ್ತೀರಿ. ಅಚ್ಚು ಬದಲಿಸುವ ಸಮಯ, ಬೆಳಿಗ್ಗೆ ಅಚ್ಚು ಬಿಸಿಯಾಗುವ ಸಮಯ, ಕೆಟ್ಟು ನಿಂತ ಸಮಯ, ಕರೆಂಟು ಹೋದ ಸಮಯ, ಈ ನಾಲ್ಕನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ. ಕೆಟ್ಟು ನಿಲ್ಲುವುದಕ್ಕೆ ಎರಡು ಅಂಕಿಗಳು ಬೇಕು: ಒಂದು ಕೆಡುವಿಕೆಯಿಂದ ಮುಂದಿನದಕ್ಕೆ ಇರುವ ಅಂತರ, ಮತ್ತು ದುರಸ್ತಿಗೆ ಹಿಡಿಯುವ ಹೊತ್ತು. ಇವು ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ದುರಸ್ತಿಗೆ ಬರುವ ಮೆಕ್ಯಾನಿಕ್ಕಿನ ಹಳೆಯ ಬಿಲ್ಲುಗಳಲ್ಲಿ ತಾರೀಕುಗಳಾದರೂ ಸಿಗುತ್ತವೆ.

ಅಳೆಯುವ ವಿಷಯವನ್ನು ಕೆಲಸದವರಿಗೆ ಮೊದಲೇ ಹೇಳಿ, ಇದರಿಂದ ಯಾರ ಸಂಬಳಕ್ಕೂ ತೊಂದರೆಯಿಲ್ಲ ಎಂಬುದನ್ನು ಸ್ಪಷ್ಟಪಡಿಸಿ, ಆ ಮಾತನ್ನು ಉಳಿಸಿಕೊಳ್ಳಿ. ಗಡಿಯಾರ ಹಿಡಿದು ಬೆನ್ನ ಹಿಂದೆ ನಿಂತರೆ ಕೆಲವರು ಅವಸರ ಮಾಡುತ್ತಾರೆ, ಕೆಲವರು ಬೇಕೆಂದೇ ನಿಧಾನಿಸುತ್ತಾರೆ. ಮೊದಲ ದಿನದ ಅಳತೆಗಳನ್ನು ಹೀಗಾಗಿ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಮಾತ್ರವಲ್ಲದೆ ಊಟದ ನಂತರವೂ, ಸೋಮವಾರವೂ ಶನಿವಾರವೂ ಅಳೆಯಿರಿ. ಒಂದೊಂದು ಕೆಲಸಕ್ಕೂ ಕನಿಷ್ಠ ಐವತ್ತು ಅಳತೆಗಳಿರಲಿ, ನೂರಾದರೆ ಒಳ್ಳೆಯದು. ಫೋನಿನಲ್ಲಿ ವೀಡಿಯೊ ಮಾಡಿಕೊಂಡು ಆಮೇಲೆ ನೋಡಿ ಬರೆಯುವ ಅಡ್ಡದಾರಿ ಇದೆ. ಕೆಲಸದವರು ಒಪ್ಪಿದರೆ ಮಾತ್ರ ಮಾಡಿ.

ಒಂದೇ ಒಂದು ತಟ್ಟೆಗೆ ಮೂರು ಪಟ್ಟು ಹೊತ್ತು ಹಿಡಿದಿದ್ದರೆ ಅದನ್ನು ತಪ್ಪು ಅಳತೆಯೆಂದು ಹೊಡೆದುಹಾಕಬೇಡಿ. ಹಾಳೆ ಸರಿಯಾಗಿ ನೆನೆಯದೆ ಬಿರುಕು ಬಿಟ್ಟು ಎರಡನೆಯದನ್ನು ಇಡಬೇಕಾಯಿತೇ ಎಂದು ಕೇಳಿ ಪಕ್ಕದಲ್ಲಿ ಬರೆಯಿರಿ. ಶೆಡ್ಡಿನಲ್ಲಿ ರಾಶಿ ಬೀಳುವುದು ಇಂತಹ ಅಪರೂಪದ ದೀರ್ಘ ಸಮಯಗಳಿಂದಲೇ. ಅಳತೆಗಳೆಲ್ಲ ಸೇರಿದ ಮೇಲೆ, ಯಾವ ಸಮಯ ಎಷ್ಟು ಬಾರಿ ಬಂದಿದೆ ಎಂಬ ಕಂಬಚಿತ್ರ ಬರೆದು ನೋಡಿ. ಬಲಕ್ಕೆ ಬಾಲ ಚಾಚಿದ ಒಂದು ದಿಬ್ಬ ಕಂಡರೆ ಸರಿ. ಎರಡು ದಿಬ್ಬ ಕಂಡರೆ ಎರಡು ಬೇರೆ ಕೆಲಸಗಳು ಬೆರೆತಿವೆ ಎಂದರ್ಥ, ಬಹುಶಃ ಊಟದ ತಟ್ಟೆ ಮತ್ತು ಸಣ್ಣ ಬಟ್ಟಲು, ಇಲ್ಲವೇ ದಪ್ಪ ಹಾಳೆ ಮತ್ತು ತೆಳು ಹಾಳೆ. ಬೇರ್ಪಡಿಸಿ.

ಇಷ್ಟೆಲ್ಲ ಏಕೆ, ಸರಾಸರಿ ಸಾಲದೇ ಎಂದು ಕೇಳುವವರಿಗೆ ಒಂದು ಲೆಕ್ಕ. ವಿಂಗಡಿಸುವ ಮೇಜಿಗೆ ಸರಾಸರಿ 20 ಸೆಕೆಂಡಿಗೊಂದು ತಟ್ಟೆ ಬರುತ್ತದೆ, ಅಲ್ಲಿ ಒಂದಕ್ಕೆ ಸರಾಸರಿ 18 ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಸರಾಸರಿಯನ್ನು ಮಾತ್ರ ನೋಡಿದರೆ ಸರತಿಯೇ ಇರಬಾರದು. ಆದರೆ ಬರುವ ಅಂತರವೂ ಕೆಲಸದ ಸಮಯವೂ ಬಹಳ ಏರುಪೇರಾಗುತ್ತಿದ್ದರೆ, ಸರತಿ ಸಿದ್ಧಾಂತದ ಅತಿ ಸರಳ ಸೂತ್ರದ ಪ್ರಕಾರ, ಪ್ರತಿ ತಟ್ಟೆಯೂ ಸರಾಸರಿ 162 ಸೆಕೆಂಡು ಕಾಯುತ್ತದೆ, ಮೇಜಿನ ಮುಂದೆ ಸರಾಸರಿ ಸುಮಾರು ಎಂಟು ತಟ್ಟೆಗಳು ಕಾಯುತ್ತಿರುತ್ತವೆ. ತಟ್ಟೆ ಬರುವ ಅಂತರವನ್ನು 20ರಿಂದ 22.5 ಸೆಕೆಂಡಿಗೆ ಏರಿಸಿದರೆ ಕಾಯುವಿಕೆ 72 ಸೆಕೆಂಡಿಗೆ ಇಳಿಯುತ್ತದೆ. ಅಂತರವನ್ನು ಮುಟ್ಟದೆ ಏರುಪೇರನ್ನು ಮಾತ್ರ ಅರ್ಧಕ್ಕೆ ಇಳಿಸಿದರೆ, ಅಂದರೆ ಹಾಳೆಗಳನ್ನು ದಪ್ಪದ ಪ್ರಕಾರ ಮೊದಲೇ ವಿಂಗಡಿಸಿ ನೆನೆಸುವಂತಹ ಉಪಾಯದಿಂದ, ಕಾಯುವಿಕೆ ಸುಮಾರು 40 ಸೆಕೆಂಡಿಗೆ ಬರುತ್ತದೆ. ಉತ್ಪಾದನೆ ಒಂದು ತಟ್ಟೆಯಷ್ಟೂ ತಗ್ಗುವುದಿಲ್ಲ. ಸರಾಸರಿಯನ್ನಷ್ಟೇ ಬಲ್ಲ ಮಾದರಿಗೆ ಈ ಮೂರು ಸ್ಥಿತಿಗಳಲ್ಲೂ ಕಾಯುವಿಕೆ ಸೊನ್ನೆಯೇ.

ಲಾರಿಯ ವಿಷಯದಲ್ಲಿಯೂ ಹೀಗೆಯೇ. ಕುಂಬಳೆ, ಉಪ್ಪಳ, ತಲಪಾಡಿ ದಾಟಿ ಪಣಂಬೂರಿನ ಬಂದರಿಗೆ ಸರಕು ಕಳುಹಿಸುವವರಿಗೆ ಪ್ರಯಾಣದ ಸರಾಸರಿ ಸಮಯ ಹೆಚ್ಚು ಉಪಯೋಗಕ್ಕೆ ಬಾರದು; ಕಂಟೇನರ್ ಮುಚ್ಚುವ ಗಡುವಿನೊಳಗೆ ನೂರರಲ್ಲಿ ಎಷ್ಟು ಬಾರಿ ಮುಟ್ಟುತ್ತೇವೆ ಎಂಬುದು ಬೇಕು.

ಹಂತ 4: ಮಾದರಿಯನ್ನು ಕಟ್ಟುವುದು

ಮೊದಲು ಸ್ಪ್ರೆಡ್‌ಶೀಟಿನಲ್ಲಿ ಒಂದು ಒರಟು ಲೆಕ್ಕ ಹಾಕಿ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದಂತೆ, ಒಳಗಿರುವ ಸರಕನ್ನು ಹೊರಹೋಗುವ ವೇಗದಿಂದ ಭಾಗಿಸಿದರೆ ಸರಕು ಒಳಗೆ ಕಳೆಯುವ ಸಮಯ ಸಿಗುತ್ತದೆ: ಶೆಡ್ಡಿನೊಳಗೆ 6,000 ತಟ್ಟೆಗಳಿದ್ದು ದಿನಕ್ಕೆ 3,000 ಹೊರಹೋದರೆ ಎರಡು ದಿನ. ಮುಂದೆ ಕಟ್ಟುವ ದೊಡ್ಡ ಮಾದರಿ ಇದಕ್ಕೆ ಹೊಂದದ ಉತ್ತರ ಕೊಟ್ಟರೆ ತಪ್ಪಿರುವುದು ಮಾದರಿಯಲ್ಲಿ.

ಅನಂತರ ಜಾಮ್‌ಸಿಮ್ ಬಳಸಿ. ಅದು ಸಿಮ್ಯುಲೇಶನ್ ಮಾಡುವ ಉಚಿತ, ಮುಕ್ತ ತಂತ್ರಾಂಶ, ಪೆಟ್ಟಿಗೆಗಳನ್ನು ಎಳೆದು ಜೋಡಿಸಿ, ಒಂದೊಂದಕ್ಕೂ ಹಂತ 3ರ ಅಳತೆಗಳನ್ನು ಕೊಟ್ಟರೆ ಸಾಕು. ಮನೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಮಗನೋ ಮಗಳೋ ಇದ್ದರೆ, ಅದೇ ಭಾಷೆಯ ಸಿಮ್ಯುಲೇಶನ್ ಸಾಧನವಾದ ಸಿಮ್‌ಪೈ ಇನ್ನೂ ಒಳ್ಳೆಯದು. ಒಳಗೆ ತುಂಬಿದ ಮಾಹಿತಿಯನ್ನು ಸಾದಾ ಪಟ್ಟಿಯಾಗಿ ಹೊರತೆಗೆಯಲು ಬಿಡದ, ತಿಂಗಳ ಬಾಡಿಗೆಯ ತಂತ್ರಾಂಶವನ್ನು ಯಾರು ಎಷ್ಟು ಹೊಗಳಿದರೂ ಕೊಳ್ಳಬೇಡಿ. ಮೂರು ಆಯಾಮದ ಚಿತ್ರವನ್ನು ಎಲ್ಲಾ ಮುಗಿದ ಮೇಲೆ, ಬ್ಯಾಂಕಿನವರಿಗೆ ತೋರಿಸಬೇಕಾದರೆ, ಮಾಡಿಸಿಕೊಳ್ಳಿ.

ಹಂತ 5: ಮಾದರಿ ನಂಬತಕ್ಕದ್ದೇ ಎಂದು ಪರೀಕ್ಷಿಸುವುದು

ಅಳತೆಗೆ ಬಳಸದ ಎರಡು ವಾರಗಳ ದಾಖಲೆಯನ್ನು ಮೊದಲೇ ಎತ್ತಿಡಿ. ಮಾದರಿಯನ್ನು ಅದೇ ಎರಡು ವಾರಗಳ ಹಾಳೆಯ ಆವಕ, ಅದೇ ಆರ್ಡರುಗಳೊಂದಿಗೆ ಓಡಿಸಿ. ಒಟ್ಟು ತಟ್ಟೆಗಳ ಸಂಖ್ಯೆ ಹೊಂದಿದ ಮಾತ್ರಕ್ಕೆ ತೃಪ್ತರಾಗಬೇಡಿ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿ ಮೊತ್ತವನ್ನು ಸರಿಯಾಗಿ ಕಾಣಿಸಬಲ್ಲವು. ರಾಶಿಗಳು ನಿಜವಾಗಿ ಬೀಳುವ ಜಾಗದಲ್ಲೇ ಮಾದರಿಯಲ್ಲಿಯೂ ಬಿದ್ದಿವೆಯೇ, ಕೆಟ್ಟ ದಿನಗಳು ಅಷ್ಟೇ ಕೆಟ್ಟದಾಗಿವೆಯೇ ಎಂದು ನೋಡಿ.

ನನಗೆ ಬಹಳ ಮೆಚ್ಚಿಗೆಯಾದ ಪರೀಕ್ಷೆ ಇನ್ನೊಂದಿದೆ. ಶೆಡ್ಡಿನ ಹತ್ತು ದಿನಗಳ ಲೆಕ್ಕವನ್ನೂ ಮಾದರಿಯ ಹತ್ತು ದಿನಗಳ ಲೆಕ್ಕವನ್ನೂ ಒಂದೇ ನಮೂನೆಯ ಕಾಗದಗಳಲ್ಲಿ ಬರೆದು, ಕಲಸಿ, ಮೇಸ್ತ್ರಿಯ ಕೈಗೆ ಕೊಟ್ಟು, “ಇವುಗಳಲ್ಲಿ ನಮ್ಮದು ಯಾವುದು ಹೇಳಿ” ಎಂದು ಕೇಳಿ. ಅವರು ಸಲೀಸಾಗಿ ಬೇರ್ಪಡಿಸಿದರೆ ಹೇಗೆ ತಿಳಿಯಿತೆಂದು ವಿಚಾರಿಸಿ. “ಇದರಲ್ಲಿ ಒಂದು ದಿನವೂ ಹಾಳೆ ಮುಗಿದು ಹೋಗಿಲ್ಲ” ಎಂಬಂತಹ ಉತ್ತರ ಬರುತ್ತದೆ, ಮಾದರಿಯಲ್ಲಿ ಬಿಟ್ಟುಹೋದದ್ದು ಅದೇ. ಅದನ್ನು ಸೇರಿಸಿ. ಅಂಕಿ ಹೊಂದಿಸಲು ಎಲ್ಲವನ್ನೂ 0.85ರಿಂದ ಗುಣಿಸುವ ಕೈಚಳಕಕ್ಕೆ ಮಾತ್ರ ಹೋಗಬೇಡಿ. ಆ ಗುಣಕ ಇಂದಿನ ಶೆಡ್ಡಿಗೆ ಹೊಂದುತ್ತದೆ, ಆರನೆಯ ಪ್ರೆಸ್ ಬಂದ ಶೆಡ್ಡಿಗೆ ಹೊಂದುವುದಿಲ್ಲ, ನಿಮಗೆ ತಿಳಿಯಬೇಕಾದದ್ದು ಎರಡನೆಯದು.

ಮಾದರಿ ಖಾಲಿ ಶೆಡ್ಡಿನಿಂದ ಆರಂಭವಾಗುತ್ತದೆ ಎಂಬುದನ್ನೂ ನೆನಪಿಡಿ. ನಿಮ್ಮಲ್ಲಿ ಬೆಳಿಗ್ಗೆ ಬರುವಾಗ ನಿನ್ನೆ ನೆನೆಸಿದ ಹಾಳೆ ತೊಟ್ಟಿಯಲ್ಲಿರುತ್ತದೆ. ಒಂದೋ ಆ ದಾಸ್ತಾನಿನಿಂದಲೇ ಆರಂಭಿಸಿ, ಇಲ್ಲವೇ ಮಾದರಿಯ ಮೊದಲ ಕೆಲವು ದಿನಗಳನ್ನು ಲೆಕ್ಕದಿಂದ ಕೈಬಿಡಿ.

ಹಂತ 6: ಪ್ರಯೋಗ

ಒಮ್ಮೆ ಓಡಿಸಿ ಬಂದ ಉತ್ತರ ಒಂದು ದಿನದ ಮಳೆ ನೋಡಿ ಇಡೀ ಆಟಿ ತಿಂಗಳನ್ನು ಹೇಳಿದಂತೆ. ಪ್ರತಿಯೊಂದು ಆಯ್ಕೆಯನ್ನೂ ಕನಿಷ್ಠ ಮೂವತ್ತು ಬಾರಿ ಓಡಿಸಿ, ಸರಾಸರಿಯ ಜೊತೆಗೆ ಅತಿ ಕಡಿಮೆ ಮತ್ತು ಅತಿ ಹೆಚ್ಚು ಉತ್ತರಗಳನ್ನೂ ಬರೆದುಕೊಳ್ಳಿ. ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಬಾರಿ ಓಡಿಸಬೇಕಾಗುತ್ತದೆ. ಎರಡು ಆಯ್ಕೆಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಯಾದೃಚ್ಛಿಕ ಸಂಖ್ಯೆಗಳ (ಏರುಪೇರು ತರಲು ಕಂಪ್ಯೂಟರು ಚೀಟಿ ಎತ್ತಿದಂತೆ ಆರಿಸುವ ಸಂಖ್ಯೆಗಳ) ಸರಣಿಯನ್ನು ಕೊಡಿ; ಇಲ್ಲವಾದರೆ ಒಂದು ಆಯ್ಕೆಗೆ ಅದೃಷ್ಟದ ದಿನಗಳು, ಇನ್ನೊಂದಕ್ಕೆ ಕರೆಂಟು ಹೋದ ದಿನಗಳು ಬಿದ್ದು ಹೋಲಿಕೆಯೇ ಕೆಡುತ್ತದೆ. ಒಂದು ಬಾರಿಗೆ ಒಂದನ್ನೇ ಬದಲಿಸಿ. ಮೊದಲ ಹಂತದಲ್ಲಿ ಬರೆದ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ.

ಹಂತ 7: ಶೆಡ್ಡಿಗೆ ಜೋಡಿಸುವುದು

ಇದು ವರ್ಷ ಕಳೆದ ಮೇಲಿನ ಮಾತು. ಪ್ರೆಸ್ಸಿನ ಪ್ರತಿ ಒತ್ತುವಿಕೆಯನ್ನು ಎಣಿಸಲು ಒಂದು ಲಿಮಿಟ್ ಸ್ವಿಚ್, ಮೋಟಾರು ಓಡುತ್ತಿದೆಯೇ ಎಂದು ತಿಳಿಯಲು ವಯರಿನ ಸುತ್ತ ಕಚ್ಚಿಕೊಳ್ಳುವ ಕರೆಂಟ್ ಸೆನ್ಸರ್, ಇವೆರಡನ್ನು ಓದಿ ವೈಫೈ ಮೂಲಕ ಕಳುಹಿಸಲು ಇಎಸ್‌ಪಿ32 ಎಂಬ ಸಣ್ಣ ಬೋರ್ಡು, ಇಷ್ಟರಿಂದ ಆರಂಭಿಸಬಹುದು. ನೆನೆಸುವ ತೊಟ್ಟಿಯ ತೇವ ಮತ್ತು ಪ್ರೆಸ್ಸಿನ ಹಬೆಗೆ ಅಗ್ಗದ ಕನೆಕ್ಟರುಗಳು ಬೇಗ ಕಿಲುಬು ಹಿಡಿಯುತ್ತವೆ. ಮುಚ್ಚಳಕ್ಕೆ ರಬ್ಬರ್ ಅಂಚಿರುವ ಪೆಟ್ಟಿಗೆಗೆ ಹಣ ಕೊಡಿ, ಸೆನ್ಸರಿಗೆ ಬೇಕಾದರೆ ಚೌಕಾಸಿ ಮಾಡಿ. ಎಲ್ಲಾ ಬೋರ್ಡುಗಳ ಗಡಿಯಾರಗಳೂ ಇಂಟರ್‌ನೆಟ್ಟಿನಿಂದ ಒಂದೇ ಸಮಯವನ್ನು ಪಡೆಯುವಂತೆ ಮಾಡಿ, ಇಲ್ಲವಾದರೆ ತಟ್ಟೆ ಪ್ರೆಸ್ಸಿನಿಂದ ಹೊರಬರುವ ಮೊದಲೇ ಮೇಜು ಸೇರಿದಂತೆ ದಾಖಲಾಗುತ್ತದೆ. ಅಚ್ಚಿನ ಬಿಸಿಯನ್ನಾಗಲಿ ಪ್ರೆಸ್ಸಿನ ಒತ್ತಡವನ್ನಾಗಲಿ ಮಾದರಿಯ ಕೈಗೆ ಒಪ್ಪಿಸಬೇಡಿ. ಕೈಬೆರಳುಗಳು ಹತ್ತಿರವಿರುವ ಯಂತ್ರಗಳಿವು. ಮಾದರಿ ನಾಳೆಯ ಕೆಲಸದ ಸರದಿಯನ್ನು ಸೂಚಿಸಲಿ, ಮೇಸ್ತ್ರಿ ಒಪ್ಪಿದರೆ ನಡೆಯಲಿ.

ಹೊಸ ಅಚ್ಚು ಬಂದಾಗ, ಕೆಲಸದವರು ಬದಲಾದಾಗ, ಬೇಸಿಗೆಯಲ್ಲಿ ಕೂಡಿಟ್ಟ ಹಾಳೆ ಮುಗಿದು ಬೇರೆ ಕಡೆಯ ಹಾಳೆ ಬಳಸತೊಡಗಿದಾಗ, ಸಂಬಂಧಪಟ್ಟ ಕೆಲಸದ ಐವತ್ತು ಅಳತೆಗಳನ್ನು ಹೊಸದಾಗಿ ತೆಗೆಯಿರಿ. ಮಳೆಗಾಲದಲ್ಲಿ ಒಣಗಿಸುವ ಹಂತದ ಅಳತೆಗಳೇ ಬೇರೆಯಾಗುವುದರಿಂದ ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ರತ್ಯೇಕ ಫೈಲು ಇಟ್ಟುಕೊಳ್ಳಿ, ಫೈಲಿನ ಹೆಸರಿನಲ್ಲಿಯೇ ತಿಂಗಳು ಮತ್ತು ವರ್ಷ ಬರೆಯಿರಿ.