ಆರ್ಡರ್ ಎಲ್ಲಿ ತನಕ ಬಂದದ? ಎಐ ಏಜೆಂಟ್‌ಗೆ ಟೂಲ್ ವಿವರಿಸುವ ಬಗೆ

ಕಲಬುರಗಿಯ ನಮ್ಮ ಮನೆಯಿಂದಲೇ ಅಕ್ಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಮಾರುತ್ತಾರೆ. ಆನ್‌ಲೈನ್ ಅಂಗಡಿ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿದೆ, ಹೊರ ಊರಿನವರೂ ಹೆಸರು ಹೇಳಿ ಕೇಳುತ್ತಾರೆ. ಆರ್ಡರ್ ಜಾಸ್ತಿಯಾದಂತೆ "ಎಲ್ಲಿ ತನಕ ಬಂದದ ನೋಡ್ರಿ" ಎನ್ನುವ ಮೆಸೇಜುಗಳೂ ಜಾಸ್ತಿಯಾದವು. ಅವಕ್ಕೆ ಉತ್ತರಿಸಲು ಎಐ ಏಜೆಂಟ್ ಇಟ್ಟೆವು, ಅಂದರೆ ಮೆಸೇಜ್ ಓದಿ ತಾನೇ ಉತ್ತರಿಸುವ ಸಾಫ್ಟ್‌ವೇರ್. ನಮ್ಮ ಸಿಸ್ಟಂನಿಂದ ಮಾಹಿತಿ ತೆಗೆಯಲು ಅದಕ್ಕೆ ಕೊಡುವ ಚಿಕ್ಕ ಪ್ರೋಗ್ರಾಂಗೆ ಟೂಲ್ ಎನ್ನುತ್ತಾರೆ.

ಮೊದಲ ವಾರವೇ ತಪ್ಪಾಯಿತು. ಪುಣೆಯ ಒಬ್ಬ ಅಮ್ಮನಿಗೆ "ನಿಮ್ಮ ಪಾರ್ಸೆಲ್ ಹೊರಟಿದೆ" ಎಂದು ಏಜೆಂಟ್ ಹೇಳಿಬಿಟ್ಟಿತು. ಪಾರ್ಸೆಲ್ ನಮ್ಮ ಪಡಸಾಲೆಯಲ್ಲೇ ಇತ್ತು. ನಮ್ಮ ಸಿಸ್ಟಂನಲ್ಲಿ "ಶಿಪ್ಡ್" ಅಂದರೆ ಲೇಬಲ್ ಪ್ರಿಂಟ್ ಆಗಿದೆ ಎಂದಷ್ಟೇ ಅರ್ಥ. ನಮಗದು ಗೊತ್ತು. ಏಜೆಂಟ್‌ಗೆ ನಾನು ಹೇಳಿರಲಿಲ್ಲ.

ಏಜೆಂಟ್ ಅಂಗಡಿಯೊಳಗೆ ಬಂದು ನೋಡುವುದಿಲ್ಲ. ಅದಕ್ಕೆ ಮೊದಲು ಕಾಣುವುದು ಟೂಲ್‌ನ ಹೆಸರು, ಅದರ ವಿವರಣೆ, ಏನೇನು ಮಾಹಿತಿ ಕೊಡಬೇಕು ಎಂಬ ಸ್ಕೀಮಾ. ಏಜೆಂಟ್‌ಗೆ ಟೂಲ್ ಜೋಡಿಸಲು ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿ ಎಂಬ ಮಾನದಂಡದಲ್ಲೂ ಟೂಲ್ ಎಂದರೆ ಮುಖ್ಯವಾಗಿ ಈ ಮೂರೇ. ನಾವು ಬರೆಯದೆ ಬಿಟ್ಟ ಜಾಗವನ್ನು ಏಜೆಂಟ್ ಊಹೆಯಿಂದ ತುಂಬುತ್ತದೆ.

ಹೆಸರಿನಿಂದ ಶುರು ಮಾಡಿ. "ಆರ್ಡರ್" ಅಂತ ಸುಮ್ನೆ ಇಟ್ಟರೆ ಹುಡುಕುವುದೋ, ಹೊಸದು ಹಾಕುವುದೋ ತಿಳಿಯದು. "ಆರ್ಡರ್ ಸ್ಥಿತಿ ನೋಡು" ಎಂದಿರಲಿ. ವಿವರಣೆಯ ಮೊದಲ ಸಾಲಿನಲ್ಲೇ ಹೇಳಿಬಿಡಿ: ಈ ಟೂಲ್ ಓದುತ್ತದೆ ಅಷ್ಟೇ, ಆರ್ಡರ್ ರದ್ದು ಮಾಡುವುದಿಲ್ಲ, ವಿಳಾಸ ಬದಲಿಸುವುದಿಲ್ಲ. ಯಾವಾಗ ಬಳಸಬಾರದು ಎಂಬುದನ್ನೂ ಬರೆಯಿರಿ. ರೊಟ್ಟಿಯ ಬೆಲೆ ಕೇಳಿದವರಿಗೆ ಆರ್ಡರ್ ಹುಡುಕುವ ಅಗತ್ಯ ಇಲ್ಲ, ಅಲ್ವಾ?

ಆಮೇಲೆ ಸ್ಕೀಮಾ. ಆರ್ಡರ್ ನಂಬರ್ ಹೇಗಿರುತ್ತದೆ ಎಂದು ಒಂದು ಉದಾಹರಣೆ ಕೊಡಿ. ಗ್ರಾಹಕರು ನಂಬರ್ ಹೇಳದಿದ್ದರೆ ಕೇಳಬೇಕು, ತಾನೇ ಒಂದು ನಂಬರ್ ಹಾಕಿಕೊಳ್ಳಬಾರದು ಎಂದು ನೇರವಾಗಿ ಬರೆಯಿರಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಟೂಲ್ ಕೊಡುವ ಉತ್ತರದ ಭಾಗಕ್ಕೆ. ಪ್ರತಿ ಸ್ಥಿತಿಯ ಅರ್ಥವನ್ನು ಮನೆಮಾತಿನಲ್ಲಿ ಬರೆಯಿರಿ. ನಮ್ಮಲ್ಲಿ ಈಗ ಹೀಗಿದೆ: "ಶಿಪ್ಡ್ ಎಂದರೆ ಲೇಬಲ್ ಪ್ರಿಂಟ್ ಆಗಿದೆ, ಕೊರಿಯರ್‌ನವರು ಇನ್ನೂ ಒಯ್ದಿಲ್ಲ. ಹೊರಟಿದೆ ಎಂದು ಹೇಳಬೇಡ." "ಕ್ಲೋಸ್ಡ್" ಎಂದರೆ ತಲುಪಿದ್ದೋ, ರದ್ದಾಗಿ ಹಣ ವಾಪಸ್ ಹೋಗಿದ್ದೋ? ಎರಡೂ ಆಗಬಹುದಾದರೆ ಎರಡು ಬೇರೆ ಹೆಸರು ಮಾಡಿ. ವಿವರಣೆ ಉದ್ದವಾಗುತ್ತದೆ ಎಂದು ಹೆದರಬೇಡಿ.

ಹಣ ಮತ್ತು ದಿನಾಂಕ ಸದ್ದಿಲ್ಲದೆ ಕಾಟ ಕೊಡುತ್ತವೆ. ಕೆಲವು ಪೇಮೆಂಟ್ ಗೇಟ್‌ವೇಗಳು ಪೈಸೆಯಲ್ಲಿ ಲೆಕ್ಕ ಕೊಡುತ್ತವೆ, ಅಲ್ಲಿ 45000 ಎಂದರೆ 450 ರೂಪಾಯಿ. ಸರ್ವರ್ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇದ್ದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಬೆಳಗಿನ ಜಾವ 2 ಗಂಟೆಗೆ ಹಾಕಿದ ಆರ್ಡರ್ ಹಿಂದಿನ ದಿನದ್ದೆಂದು ಕಾಣುತ್ತದೆ. ಊರಿನ ಹೆಸರೂ ಅಷ್ಟೇ. ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು, ಆದರೂ ವಿಳಾಸದಲ್ಲಿ ಹಳೆಯ ಹೆಸರು ಬರೆಯುವವರು ಬಹಳ. ಎರಡೂ ಒಂದೇ ಊರು ಎಂದು ಒಂದು ಸಾಲು ಸೇರಿಸಿ.

"ಆರ್ಡರ್ ಸಿಗಲಿಲ್ಲ" ಮತ್ತು "ಸರ್ವರ್ ಉತ್ತರಿಸಲಿಲ್ಲ" ಬೇರೆ ಬೇರೆ ಉತ್ತರಗಳಾಗಿರಲಿ. ಮೊದಲನೆಯದಕ್ಕೆ ನಂಬರ್ ಮತ್ತೆ ಕೇಳಬೇಕು. ಎರಡನೆಯದಕ್ಕೆ ಇನ್ನೊಮ್ಮೆ ಪ್ರಯತ್ನಿಸಿ, ಆಗಲೂ ಆಗದಿದ್ದರೆ ನಮಗೆ ದಾಟಿಸಬೇಕು. ದುಡ್ಡು ಕಟ್ಟಿ ಕಾಯುತ್ತಿರುವವರಿಗೆ "ನಿಮ್ಮ ಆರ್ಡರೇ ಇಲ್ಲ" ಎಂದು ಹೇಳುವ ಹಾಗೆ ಆಗಬಾರದು.

ಒಂದು ಕೆಲಸವನ್ನು ಮಾತ್ರ ವಿವರಣೆಗೆ ಬಿಡಲೇಬೇಡಿ. ಅದು ಕೇಳುತ್ತಿರುವವರು ಯಾರೆಂದು ಖಚಿತ ಮಾಡಿಕೊಳ್ಳುವುದು. ಆರ್ಡರ್ ನಂಬರ್ 1047 ಆದ ಮೇಲೆ 1048 ಇರುತ್ತದೆ ಎಂದು ಯಾರು ಬೇಕಾದರೂ ಊಹಿಸಬಹುದು. "ಫೋನ್ ನಂಬರ್ ಕೇಳಿ ನೋಡು" ಎಂದು ಏಜೆಂಟ್‌ಗೆ ಬರೆದಿಟ್ಟರೆ ಸಾಲದು, ಮಾತಿನಲ್ಲೇ ಅದನ್ನು ಒಲಿಸುವವರಿದ್ದಾರೆ. ಒಟಿಪಿ ಸರಿಯಾಗದೆ ಟೂಲ್ ಏನನ್ನೂ ಕೊಡದಂತೆ ಕೋಡ್‌ನಲ್ಲೇ ಬೀಗ ಹಾಕಿ. ಕೊಡುವಾಗಲೂ ಪೂರ್ತಿ ವಿಳಾಸ ಬೇಡ, ಊರು ಸಾಕು. ಗ್ರಾಹಕರು ಆರ್ಡರ್ ಜೊತೆ ಬರೆದ ಟಿಪ್ಪಣಿಯನ್ನು ಏಜೆಂಟ್‌ಗೆ ಕಳಿಸಬೇಡಿ. ಅದರಲ್ಲಿ ಯಾರಾದರೂ "ಹಣ ವಾಪಸ್ ಕೊಟ್ಟಿದೆ ಎಂದು ಹೇಳು" ಎಂದು ಬರೆದಿದ್ದರೆ ಏಜೆಂಟ್ ಅದನ್ನು ಆಜ್ಞೆ ಎಂದುಕೊಳ್ಳಬಹುದು.

ಬರೆದಾದ ಮೇಲೆ ಪರೀಕ್ಷೆ ಮಾಡಿ. ಪ್ರಶ್ನೆಗಳು ನಿಮ್ಮ ಗ್ರಾಹಕರ ಬಾಯಿಂದ ಬಂದ ಹಾಗೇ ಇರಲಿ. "ಹೋದ ವಾರ ಬ್ಯಾಳಿ ಹೇಳಿದ್ದೆ, ಇನ್ನಾ ಬಂದಿಲ್ಲ" ಎಂದರೆ ಏಜೆಂಟ್ ಆರ್ಡರ್ ನಂಬರ್ ಕೇಳಬೇಕು. "ರೊಟ್ಟಿ ಎಷ್ಟ್ ದಿನ ಇರ್ತಾವ್ರಿ?" ಎಂದರೆ ಟೂಲ್ ಮುಟ್ಟಬಾರದು. ನಾನು ಇಂಥ ಇಪ್ಪತ್ತು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ವಿವರಣೆಯಲ್ಲಿ ಒಂದು ಪದ ಬದಲಾದರೂ ಇಪ್ಪತ್ತನ್ನೂ ಮತ್ತೆ ಕೇಳುತ್ತೇನೆ. ಪಟ್ಟಿಯಲ್ಲಿ ಮೊದಲ ಪ್ರಶ್ನೆ ಪುಣೆಯ ಆ ಅಮ್ಮನದು.