ಗುಂಯ್‌ಗುಡದ ಆಂಪ್ಲಿಫೈಯರ್ ಕಟ್ಟುವುದು ಹೇಗೆ?

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಆಂಪ್ಲಿಫೈಯರ್ ಕಟ್ಟುವವರು ಸರ್ಕ್ಯೂಟ್‌ನಲ್ಲಿ ಎಡವುವುದು ಕಡಿಮೆ. ಎಡವುವುದೆಲ್ಲ ಗ್ರೌಂಡ್ (0 ವೋಲ್ಟ್) ವೈರ್ ಎಳೆಯುವಾಗ. ಆಮೇಲೆ ಹಾಡಿನ ಜತೆಗೆ ಹಮ್ಮಿಂಗನ್ನೂ ಕೇಳಬೇಕು.

ಆಂಪ್ಲಿಫೈಯರ್ ಐಸಿ (ಚಿಪ್) ಕೊಳ್ಳುವಾಗ ಟಿಡಿಎ2030ಎ ಎಂದೇ ಕೇಳಿ. 'ಎ' ಇಲ್ಲದ್ದು ±18 ವೋಲ್ಟ್‌ವರೆಗೆ ಮಾತ್ರ. 'ಎ' ಇರುವುದು ±22 ತಡೆಯುತ್ತದೆ. 12-0-12, 2 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಲೋಡ್ ಇಲ್ಲದಾಗ, ಡಿಸಿ ಆದ ಮೇಲೆ, 18ರ ಹತ್ತಿರಕ್ಕೆ ಬಂದುಬಿಡುತ್ತದೆ. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್, 4700 ಮೈಕ್ರೊಫ್ಯಾರಡ್ 25 ವೋಲ್ಟಿನ ಎರಡು ಕೆಪಾಸಿಟರ್, ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ (ಮೇನ್ಸ್ ಕಡೆಗೆ) 500 ಮಿಲಿಆಂಪಿಯರ್ ಫ್ಯೂಸ್. 8 ಓಂ ಸ್ಪೀಕರಿಗೆ ಸುಮಾರು 10 ವ್ಯಾಟ್ ಸಿಗುತ್ತದೆ, ಒಂದು ಕೋಣೆಗೆ ಧಾರಾಳ. '1000 ವ್ಯಾಟ್ ಪಿಎಂಪಿಒ' (ಜಾಹೀರಾತಿಗೆ ಉಬ್ಬಿಸಿದ ವ್ಯಾಟ್) ಎಂದು ಬರೆದ ರೆಡಿಮೇಡ್ ಬೋರ್ಡ್ ಕಡೆ ತಿರುಗಿಯೂ ನೋಡಬೇಡಿ.

ಸರ್ಕ್ಯೂಟ್ ಸುಲಭ. 1ನೇ ಪಿನ್ನಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಇನ್‌ಪುಟ್. ಅದೇ ಪಿನ್ನಿನಿಂದ ಗ್ರೌಂಡಿಗೆ 22ಕೆ (22 ಕಿಲೋಓಂ) ರೆಸಿಸ್ಟರ್. ಔಟ್‌ಪುಟ್ ಆದ 4ರಿಂದ 2ಕ್ಕೆ 22ಕೆ. 2ರಿಂದ ಗ್ರೌಂಡಿಗೆ 680 ಓಂ ಮತ್ತು 22 ಮೈಕ್ರೊಫ್ಯಾರಡ್ ಸಾಲಾಗಿ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು) ಸುಮಾರು 33. ಇದನ್ನು ತೀರಾ ಇಳಿಸಿದರೆ ಐಸಿ ಆಸಿಲೇಟ್ ಆಗುತ್ತದೆ, ಅಂದರೆ ಇನ್‌ಪುಟ್ ಇಲ್ಲದೆಯೇ ತಾನಾಗಿ ಕಂಪಿಸುತ್ತದೆ. 5ಕ್ಕೆ ಪ್ಲಸ್, 3ಕ್ಕೆ ಮೈನಸ್ ಸಪ್ಲೈ. ಎರಡಕ್ಕೂ ಕಾಲಿನ ಬುಡದಲ್ಲೇ ಗ್ರೌಂಡಿಗೆ ಒಂದೊಂದು 104 (0.1 ಮೈಕ್ರೊಫ್ಯಾರಡ್ ಕೆಪಾಸಿಟರ್). ಔಟ್‌ಪುಟ್‌ನಿಂದ ಗ್ರೌಂಡಿಗೆ 1 ಓಂ ಮತ್ತು 104 ಸಾಲಾಗಿ ಇರಲೇಬೇಕು.

ಇನ್ನು ಗ್ರೌಂಡ್. ಎರಡು ದೊಡ್ಡ ಕೆಪಾಸಿಟರುಗಳು ಕೂಡುವ ಜಾಗಕ್ಕೆ ಟ್ರಾನ್ಸ್‌ಫಾರ್ಮರಿನ 0 ವೈರ್ ಬರುತ್ತದೆ. ಅಲ್ಲಿ ಸೆಕೆಂಡಿಗೆ 100 ಸಲ ಚಾರ್ಜಿಂಗ್ ಕರೆಂಟ್ ಆಂಪಿಯರ್‌ಗಟ್ಟಲೆ ನುಗ್ಗುತ್ತದೆ. ತಂತಿಗೆ ರೆಸಿಸ್ಟೆನ್ಸ್ ಅತ್ಯಲ್ಪವಾದರೂ ಅದರುದ್ದಕ್ಕೆ ಕೆಲವು ಮಿಲಿವೋಲ್ಟ್ ಬೀಳುತ್ತದೆ. ಇನ್‌ಪುಟ್ ಗ್ರೌಂಡ್ ಅದೇ ತಂತಿಯಲ್ಲಿ ಕೂತಿದ್ದರೆ ಆ ಮಿಲಿವೋಲ್ಟೂ 33 ಪಟ್ಟಾಗಿ ಸ್ಪೀಕರಿಗೆ ಹೋಗುತ್ತದೆ. ಆದ್ದರಿಂದ ಕೆಪಾಸಿಟರ್ ಜೋಡಣೆಯಿಂದ ಒಂದಿಂಚು ದಪ್ಪ ತಾಮ್ರದ ತಂತಿ ಎಳೆದು, ಅದರ ತುದಿಯನ್ನು ಸ್ಟಾರ್ ಗ್ರೌಂಡ್ ಮಾಡಿ. ಸ್ಪೀಕರ್ ಮೈನಸ್, 1 ಓಂ–104 ಜೋಡಿಯ ಗ್ರೌಂಡ್, ಐಸಿ ಬುಡದ 104ಗಳದ್ದು, ಇನ್‌ಪುಟ್ ಕಡೆಯದ್ದು (ವಾಲ್ಯೂಮ್, 22ಕೆ, 22 ಮೈಕ್ರೊಫ್ಯಾರಡ್): ಪ್ರತಿಯೊಂದೂ ತನ್ನದೇ ತಂತಿಯಲ್ಲಿ ಆ ತುದಿಗೇ ಬರಬೇಕು. ಬೋರ್ಡಿನ ಸುತ್ತ ಒಂದೇ ತಂತಿ ಸುತ್ತಿ ಎಲ್ಲವನ್ನೂ ಅದಕ್ಕೇ ಅಂಟಿಸುವ ಚಾಳಿ ಬಿಡಿ.

ಐಸಿ ಬೆನ್ನಿನ ಲೋಹ 3ನೇ ಪಿನ್ನಿಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಹೀಟ್‌ಸಿಂಕ್ ನಡುವೆ ಮೈಕಾ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ, ಐಸಿ ಬೆನ್ನಿಗೂ ಹೀಟ್‌ಸಿಂಕಿಗೂ ನಡುವೆ ಮಲ್ಟಿಮೀಟರಿನಲ್ಲಿ ಬೀಪ್ ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಲೋಹದ ಡಬ್ಬಿಗೆ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತಿಂಗ್ ಕಡ್ಡಾಯ.

ಮೊದಲ ಸಲ ಸ್ಪೀಕರ್ ಇಲ್ಲದೆ, 60 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡಿನಲ್ಲಿ, ಅಂದರೆ ಬಲ್ಬಿನ ಮೂಲಕವೇ ಹಾಯುವಂತೆ, ಕರೆಂಟ್ ಕೊಡಿ. ಎಲ್‌ಇಡಿ ಬಲ್ಬ್ ಇಲ್ಲಿ ನಡೆಯದು, ಹಳೆಯ ಫಿಲಮೆಂಟ್ ಬಲ್ಬೇ ಆಗಬೇಕು. ಒಮ್ಮೆ ಮಿಂಚಿ ಮಂದವಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಔಟ್‌ಪುಟ್‌ನಲ್ಲಿ ಡಿಸಿ 50 ಮಿಲಿವೋಲ್ಟ್ ಒಳಗಿದ್ದರೆ ಮಾತ್ರ ಸ್ಪೀಕರ್ ಜೋಡಿಸಿ.

ವಾಲ್ಯೂಮ್ ಸೊನ್ನೆಯಲ್ಲೂ ಹಮ್ಮಿಂಗ್ ಬಂದರೆ ಗ್ರೌಂಡನ್ನೇ ಮತ್ತೆ ನೋಡಿ. ಏರಿಸಿದಾಗ ಮಾತ್ರ ಬಂದರೆ ಇನ್‌ಪುಟ್ ಕೇಬಲ್ಲಿನ ಶೀಲ್ಡ್ (ಹೊರಜಾಲರಿ) ಬಿಟ್ಟಿರಬಹುದು. ಹಾಡಿಲ್ಲದಾಗಲೂ ಐಸಿ ಸುಡುತ್ತಿದ್ದರೆ ಆಸಿಲೇಶನ್ ಇರಬಹುದು. 104ಗಳನ್ನು ಕಾಲಿಗೆ ಇನ್ನಷ್ಟು ಹತ್ತಿರ ತಂದು ಬೆಸೆಯಿರಿ.